ಉಚಿತವಾಗಿ ಹಂಚುವ ಸಿಹಿಗೂ ಲೆಕ್ಕವಿದೆ

ಆಗಸ್ಟ್ 15 ಸಮೀಪಿಸಿದಂತೆ ಬೆಳಗಾವಿಯ ಮಿಠಾಯಿ ತಯಾರಕರಿಗೆ ಶಾಲೆಗಳಿಂದಲೂ ಯುವಕ ಮಂಡಳಗಳಿಂದಲೂ ಬೇಡಿಕೆ ಬರುತ್ತದೆ. ಖಾನಾಪುರದ ಕಡೆಗೂ ಡಬ್ಬಿಗಳು ಹೋಗುತ್ತವೆ. ಅನೇಕ ವರ್ತಕ ಬಾಂಧವರು ಇವನ್ನು ಕಾಣಿಕೆಯಾಗಿಯೇ ಕೊಡುವುದುಂಟು.

"ಮಾರಿದ್ದಲ್ಲ, ಪುಕ್ಕಟೆ ಹಂಚಿದ್ದು, ಕಾನೂನಿಗೇನು ಸಂಬಂಧ ಸಾಹೇಬರೇ?" ಎಂದು ನನ್ನ ಕಕ್ಷಿದಾರರೊಬ್ಬರು ಕೇಳಿದ್ದರು. ಕ್ರೀಡಾಕೂಟವೊಂದರಲ್ಲಿ ಅವರು ಕೊಟ್ಟ ಉಂಡೆ ತಿಂದ ಬಾಲಕನ ತುಟಿ, ಮುಖ ಊದಿ, ಆಸ್ಪತ್ರೆಗೆ ಒಯ್ದ ಮರುದಿನದ ಮಾತಿದು. ಉಂಡೆ ಹಳಸಿರಲಿಲ್ಲ. ಅದರಲ್ಲಿ ಶೇಂಗಾ ಪುಡಿ ಇತ್ತು. ಮಗನಿಗೆ ಶೇಂಗಾ ಒಗ್ಗದೆಂಬುದು ತಾಯಿಗೆ ತಿಳಿದಿತ್ತು, ಹಂಚಿದವರಿಗೆ ತಿಳಿದಿರಲಿಲ್ಲ. ಪುಣ್ಯವಶಾತ್ ಬಾಲಕ ಗುಣಮುಖನಾದನು. ಕಣಕುಂಬಿಯಂಥ ಕಾಡಂಚಿನ ಊರಿನಲ್ಲಿ ಉಸಿರು ಕಟ್ಟಿದ್ದರೆ ಆಸ್ಪತ್ರೆಯ ದಾರಿಯೇ ದೊಡ್ಡದಾಗುತ್ತಿತ್ತು.

ಅವರ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಲಾಭವಿರಲಿ, ಇಲ್ಲದಿರಲಿ, ಅದು ಆಹಾರ ವ್ಯವಹಾರವೇ. ಕಲಂ 65ರಲ್ಲಿ ತಯಾರಿಸಿದವನು, ಮಾರಿದವನು ಮಾತ್ರವಲ್ಲದೆ ಹಂಚಿದವನೂ ಪರಿಹಾರಕ್ಕೆ ಬಾಧ್ಯನು. ಸಾವು ಸಂಭವಿಸಿದಲ್ಲಿ ಕನಿಷ್ಠ 5 ಲಕ್ಷ ರೂಪಾಯಿ.

2020ರ ಲೇಬಲಿಂಗ್ ನಿಯಮಗಳಂತೆ ಪ್ಯಾಕ್ ಮಾಡಿದ ಆಹಾರದ ಮೇಲೆ ಗೋಧಿಯಂಥ ಗ್ಲುಟೆನ್ ಧಾನ್ಯ, ಹಾಲು, ಮೊಟ್ಟೆ, ಮೀನು, ಸೋಯಾ, ಶೇಂಗಾ, ಗೋಡಂಬಿ-ಬಾದಾಮಿ ಮುಂತಾದವುಗಳಿದ್ದರೆ ನಮೂದಿಸಬೇಕು. ತಟ್ಟೆಯಲ್ಲಿಟ್ಟು ಹಂಚುವ ಉಂಡೆಗೆ ಲೇಬಲ್ ಎಲ್ಲಿಯದು? ತೊಡಕು ಇರುವುದೇ ಇಲ್ಲಿ. ನಮ್ಮ ಕುಂದಾ ಹಾಲಿನದು. ಕರದಂಟಿನಲ್ಲಿ ಗೋಡಂಬಿ, ಬಾದಾಮಿ. ಒಂದೇ ಚಾಕು, ಒಂದೇ ಪರಾತದಲ್ಲಿ ಎರಡನ್ನೂ ಕೊಯ್ದರೆ ಕುಂದಾಕ್ಕೂ ಗೋಡಂಬಿಯ ಅಂಶ ತಗಲುತ್ತದೆ. ಅಲರ್ಜಿ ಇದ್ದವರಿಗೆ ಅಲ್ಪವೂ ಸಾಕು. ಹುರಿದರೂ ಬೇಯಿಸಿದರೂ ಅದು ಹೋಗುವುದೆಂದು ನಂಬುವಂತಿಲ್ಲ. ಮೇಲಿನ ಚೂರುಗಳನ್ನು ಆಯ್ದು ತೆಗೆದು ಕೊಡುವುದೂ ಪರಿಹಾರವಲ್ಲ. ಖೋವಾ ಪದಾರ್ಥಗಳನ್ನು ಹಿಂದಿನ ದಿನವೇ ಒಯ್ದು ಶಾಲೆಯ ಕೋಣೆಯಲ್ಲಿಡುವ ರೂಢಿಯನ್ನಂತೂ ಬಿಡಲೇಬೇಕು.

ಇನ್ನು ನನ್ನ ವೃತ್ತಿಯ ಎರಡು ಮಾತು. ಆಹಾರ ಪದಾರ್ಥದ ಬಿಲ್ಲಿನ ಮೇಲೆ 14 ಅಂಕಿಗಳ ಎಫ್ಎಸ್ಎಸ್ಎಐ ಸಂಖ್ಯೆ 2022ರ ಜನವರಿ 1ರಿಂದ ಕಡ್ಡಾಯವಾಗಿದೆ. ಕೊಂಡು ಹಂಚುವವರು ಆ ಬಿಲ್ಲನ್ನು ಜೋಪಾನವಾಗಿಡಬೇಕು; ನಾಳೆ ಪ್ರಶ್ನೆ ಎದ್ದರೆ ಸರಕಿನ ಮೂಲ ತೋರಿಸಲು ಅದೇ ಆಧಾರ. ಕಾಣಿಕೆಯಾಗಿ ಕೊಟ್ಟ ಸರಕಿನ ಮೇಲೆ ಜಿಎಸ್‌ಟಿ ಹೂಟುವಳಿ ತೆರಿಗೆಯ ಜಮೆ ದೊರೆಯದು ಎಂಬುದನ್ನು ಮಾತ್ರ ಯಾರೂ ನೆನಪಿಡುವುದಿಲ್ಲ!

ನನ್ನ ಕಕ್ಷಿದಾರರು ಈಗ ಡಬ್ಬಿಯ ಮೇಲೆ "ಶೇಂಗಾ, ಹಾಲು ಇದೆ" ಎಂದು ಕನ್ನಡ, ಮರಾಠಿ ಎರಡರಲ್ಲೂ ಬರೆದ ಚೀಟಿ ಅಂಟಿಸುತ್ತಾರೆ. ವಾರ ಮೊದಲೇ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, ಯಾವ ಮಗುವಿಗೆ ಏನು ಒಗ್ಗದೆಂದು ಪಾಲಕರಲ್ಲಿ ವಿಚಾರಿಸಲು ಹೇಳುತ್ತಾರೆ. ಅಂಥ ಮಕ್ಕಳಿಗೆ ಬಾಳೆಹಣ್ಣು ಬೇರೆ ಬುಟ್ಟಿಯಲ್ಲಿ ಹೋಗುತ್ತದೆ.