ರೇಡಿಯೇಟರ್ ಕೆಟ್ಟಿತೇ, ಬೇರೇನಾದರೂ ಕೆಟ್ಟಿತೇ?

ಎಂಜಿನ್‌ಗಳನ್ನು ಕುರಿತ ಮಾತುಕತೆಗಳಲ್ಲಿ ರೇಡಿಯೇಟರಿನ ಪಾಲಿಗೆ ದೊರೆಯುವ ಸಮಯ ಬಹಳ ಕಡಿಮೆ. ಪರದೆಯ ಮೇಲೆ ತೋರಿಸಲು ಅದು ಅಷ್ಟೇನೂ ಚೆಂದದ ವಸ್ತುವಲ್ಲ; ಚಲಿಸುವ ಭಾಗ ಅದರಲ್ಲಿ ಒಂದೂ ಇಲ್ಲ. ಆದರೂ ಯುರೋಪಿನ ಕಾರುಗಳನ್ನು ಇಟ್ಟುಕೊಂಡವರು ಹಣ ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಕಾರು ಬಿಸಿಯಾಯಿತು ಎಂದೊಡನೆ ರೇಡಿಯೇಟರ್ ಬದಲಾಯಿಸುತ್ತಾರೆ. ಮತ್ತೆ ಬಿಸಿಯಾಗುತ್ತದೆ. ಆಮೇಲೆ ಪಂಪು, ಅದಾದ ಮೇಲೆ ಥರ್ಮೋಸ್ಟಾಟ್. ಅಷ್ಟರಲ್ಲಿ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿ ಹೋಗಿ, ಕೆಲವು ನೂರು ರೂಪಾಯಿಯ ಭಾಗವೊಂದು ಕೆಟ್ಟದ್ದಕ್ಕೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ರೋಗ ಯಾವುದೆಂದು ಮೊದಲು ಗೊತ್ತುಮಾಡಿಕೊಂಡರೆ ಇದು ತಪ್ಪುತ್ತದೆ. ಅದಕ್ಕೆ ಪಿಯುಸಿ ಮಟ್ಟದ ಭೌತಶಾಸ್ತ್ರ ಸಾಕು.

ಮೊದಲು ಸಣ್ಣ ಲೆಕ್ಕವೊಂದನ್ನು ಮಾಡೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಗಂಟೆಗೆ 8 ಲೀಟರ್ ಪೆಟ್ರೋಲ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುತ್ತದೆ. ಅಂದರೆ ಎಂಜಿನ್ನಿನೊಳಗೆ ಸುಮಾರು 71 ಕಿಲೋವ್ಯಾಟ್ ದರದಲ್ಲಿ ಶಾಖ ಹುಟ್ಟುತ್ತಿದೆ. ಇದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ತಂಪುಗೊಳಿಸುವ ನೀರಿಗೆ ಸೇರುತ್ತದೆ. ಸುಮಾರು 20 ಕಿಲೋವ್ಯಾಟ್ ಎನ್ನಿ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರುಗಳು ಹತ್ತು ಒಟ್ಟಿಗೆ ಉರಿಯುತ್ತಿದ್ದರೆ ಎಷ್ಟು ಶಾಖವೋ ಅಷ್ಟನ್ನು ಆರೇಳು ಲೀಟರ್ ದ್ರವ ಹೊತ್ತು ತಂದು ಗಾಳಿಗೆ ಬಿಡಬೇಕು. ಅಂದ ಹಾಗೆ ರೇಡಿಯೇಟರ್ ಎಂಬ ಹೆಸರೇ ಸರಿಯಲ್ಲ. ವಿಕಿರಣದಿಂದ ಹೋಗುವ ಶಾಖ ಅಲ್ಪ. ರೆಕ್ಕೆಗಳ ನಡುವೆ ಹಾಯುವ ಗಾಳಿಯೇ ಹೆಚ್ಚಿನದನ್ನು ಒಯ್ಯುತ್ತದೆ.

ಕಾರು ಹುಟ್ಟಿದಾಗಲೇ ಈ ತೊಂದರೆಯೂ ಹುಟ್ಟಿತು. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ನೀರು ಆವಿಯಾಗಿ ಹೋಗುವುದೇ ತಂಪಿನ ಉಪಾಯವಾಗಿತ್ತು. ಅವನ ಪತ್ನಿ ಬರ್ತಾ ಬೆಂಜ್ 1888ರಲ್ಲಿ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ಬಗೆಯ ಗಾಡಿಯಲ್ಲಿ ಹೋದಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಇರಬೇಕಾಯಿತು. ಇದಕ್ಕೆ ಸರಿಯಾದ ಪರಿಹಾರ ಕಂಡುಕೊಂಡವನು ವಿಲ್‌ಹೆಲ್ಮ್ ಮೇಬ್ಯಾಕ್. 1901ರ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿಗೆ ಅವನು ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 6 ಮಿಲಿಮೀಟರ್ ಚೌಕದ 8,070 ಸಣ್ಣ ಕೊಳವೆಗಳನ್ನು ಒಟ್ಟಿಗೆ ಬೆಸೆದು, ಅವುಗಳ ಒಳಗೆ ಗಾಳಿ, ಸುತ್ತ ನೀರು ಹರಿಯುವಂತೆ ಮಾಡಿದ್ದ. 9 ಲೀಟರ್ ನೀರು ಸಾಕಾಯಿತು, ಹಿಂದಿನದರ ಅರ್ಧ. ಇಂದಿನ ರೇಡಿಯೇಟರುಗಳಲ್ಲಿ ನೀರು ಕೊಳವೆಯ ಒಳಗೂ ಗಾಳಿ ಹೊರಗೂ ಹಾಯುತ್ತವೆ. ತತ್ತ್ವ ಮಾತ್ರ ಅದೇ.

ಇನ್ನು ಒತ್ತಡದ ವಿಷಯ. ಇದನ್ನು ತಿಳಿಯದೆ ಬಾನೆಟ್ ಎತ್ತಲೇಬಾರದು. ರೇಡಿಯೇಟರಿನ ಮುಚ್ಚಳ ನೀರು ಚೆಲ್ಲದಿರಲಿ ಎಂದು ಹಾಕಿದ್ದಷ್ಟೇ ಅಲ್ಲ, ಅದು ಪ್ರೆಷರ್ ಕುಕ್ಕರಿನ ವೆಯ್ಟ್ ಇದ್ದಂತೆ. ವಾತಾವರಣದ ಒತ್ತಡಕ್ಕಿಂತ 1 ಬಾರ್ ಹೆಚ್ಚು ಒತ್ತಡವಿದ್ದರೆ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಯುರೋಪಿನ ಅನೇಕ ಕಾರುಗಳ ಮುಚ್ಚಳ 1.4 ಬಾರ್ ವರೆಗೆ, ಕೆಲವು ಬಿಎಂಡಬ್ಲ್ಯು ಮಾದರಿಗಳಲ್ಲಿ 2 ಬಾರ್ ವರೆಗೆ ತಡೆಯುತ್ತದೆ. 115 ಡಿಗ್ರಿಯಲ್ಲಿರುವ 6 ಲೀಟರ್ ನೀರಿನ ಮುಚ್ಚಳವನ್ನು ತಟ್ಟನೆ ತೆಗೆದರೆ ಏನಾಗುತ್ತದೆ? ಒತ್ತಡ ಇಳಿದೊಡನೆ ಅದರಲ್ಲಿ ಸುಮಾರು 160 ಗ್ರಾಂ ನೀರು ಆ ಕ್ಷಣವೇ ಹಬೆಯಾಗುತ್ತದೆ. ಆ ಹಬೆಗೆ ಬೇಕಾದ ಜಾಗ 260 ಲೀಟರಿಗೂ ಹೆಚ್ಚು. ಅದು ಉಳಿದ ಕುದಿನೀರನ್ನು ಎಳೆದುಕೊಂಡು ಎದುರಿಗಿರುವವರ ಮುಖಕ್ಕೇ ಹಾರುತ್ತದೆ. ಆದ್ದರಿಂದ ಎಂಜಿನ್ ನಿಲ್ಲಿಸಿ, ಮೇಲಿನ ಹೋಸ್ ಪೈಪನ್ನು ಒತ್ತಿದರೆ ಮೆತ್ತಗಾಗುವವರೆಗೆ, ಅಂದರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಕಾಯಲೇಬೇಕು. ಮುಚ್ಚಳದ ಮೇಲೆ ಬಟ್ಟೆ ಹಾಕಿ ತಿರುಗಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ರೋಗನಿದಾನಕ್ಕೆ ಬರೋಣ. ಮೊದಲ ಪ್ರಶ್ನೆ: ಕಾರು ಬಿಸಿಯಾಗುವುದು ಯಾವಾಗ? ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯೇರಿ, ರಸ್ತೆ ಸಿಕ್ಕಿ ಓಡಿದೊಡನೆ ಇಳಿಯುವುದಾದರೆ ರೇಡಿಯೇಟರ್ ಚೆನ್ನಾಗಿಯೇ ಇದೆ. ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಗಾಳಿ ಕೊಡಬೇಕಾದ ಫ್ಯಾನ್ ತಿರುಗುತ್ತಿಲ್ಲ. ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನಂಥ ಕಾರುಗಳಲ್ಲಿ ರೇಡಿಯೇಟರಿನ ಪಕ್ಕದಲ್ಲೇ ಉಷ್ಣತೆಗೆ ಸ್ಪಂದಿಸುವ ಸ್ವಿಚ್ ಇದೆ. ಸುಮಾರು 95 ಡಿಗ್ರಿಗೆ ಅದು ಫ್ಯಾನನ್ನು ಚಾಲೂ ಮಾಡಬೇಕು. ಅದರ ಪ್ಲಗ್ ಕಳಚಿ, ಎರಡು ತಂತಿಗಳನ್ನು ಸಣ್ಣ ತುಂಡು ವೈರಿನಿಂದ ಕೂಡಿಸಿದಾಗ ಫ್ಯಾನ್ ತಿರುಗಿದರೆ ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಫ್ಯೂಸ್, ರಿಲೇ ಅಥವಾ ಮೋಟಾರನ್ನು ನೋಡಬೇಕು. (ಕೈ ರೆಕ್ಕೆಗಳಿಂದ ದೂರವಿರಲಿ, ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗಲು ಶುರುವಾಗುತ್ತದೆ.)

ಇದಕ್ಕೆ ವಿರುದ್ಧವಾಗಿ, ಊರೊಳಗೆ ತೊಂದರೆಯಿಲ್ಲದೆ ಹೆದ್ದಾರಿಯಲ್ಲೋ ಚಾರ್ಮಾಡಿಯಂಥ ಘಾಟಿಯ ಏರಿನಲ್ಲೋ ಮಾತ್ರ ಬಿಸಿಯಾಗುವುದಾದರೆ ಶಾಖ ಹುಟ್ಟುವಷ್ಟು ವೇಗದಲ್ಲಿ ಹೊರಹೋಗುತ್ತಿಲ್ಲ ಎಂದರ್ಥ. ಆಗ ರೇಡಿಯೇಟರನ್ನು ಶಂಕಿಸಬಹುದು. ಒಳಗೆ ಗಸಿ ಕಟ್ಟಿರಬಹುದು. ಅಥವಾ ಹೊರಗೆ, ಏರ್‌ಕಂಡೀಷನ್ನಿನ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹುಳು, ಎಲೆ, ಧೂಳು ಕಂಬಳಿಯಂತೆ ತುಂಬಿರಬಹುದು. ಮುಂದಿನಿಂದ ನೋಡಿದರೆ ಎಲ್ಲವೂ ಶುಭ್ರವಾಗಿಯೇ ಕಾಣುತ್ತದೆ! ಮುಟ್ಟದೆ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮುಖದ ಮೇಲೆಲ್ಲ ಆಡಿಸಿದರೆ ನೀರು ಹರಿಯದ ಭಾಗ ತಣ್ಣಗೆ ಕಾಣಿಸಿಕೊಳ್ಳುತ್ತದೆ.

ಸ್ಟಾರ್ಟ್ ಮಾಡಿ ಹತ್ತು ನಿಮಿಷದಲ್ಲೇ ಬಿಸಿಯೇರಿ, ಮೇಲಿನ ಹೋಸ್ ಸುಡುತ್ತಾ ಕೆಳಗಿನದು ತಣ್ಣಗೇ ಉಳಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇರಬಹುದು. ಇದನ್ನು ಪರೀಕ್ಷಿಸುವುದು ಶಾಲೆಯ ಪ್ರಯೋಗದಷ್ಟೇ ಸುಲಭ. ಬಿಚ್ಚಿ ತೆಗೆದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ಜೊತೆಗೊಂದು ಥರ್ಮಾಮೀಟರ್ ಇರಲಿ. ಅದರ ಮೇಲೆ 87 ಎಂದು ಅಚ್ಚಾಗಿದ್ದರೆ ಆಸುಪಾಸಿನ ಉಷ್ಣತೆಯಲ್ಲಿ ಒಳಗಿನ ಮೇಣ ಕರಗಿ ಹಿಗ್ಗಿ ಕವಾಟ ತೆರೆಯತೊಡಗಬೇಕು. ಕುದಿಯುವವರೆಗೂ ತೆರೆಯದಿದ್ದರೆ ಅದನ್ನು ಎಸೆಯಿರಿ. ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು. ನಮ್ಮಲ್ಲಿ ಕೆಲವು ಮೆಕ್ಯಾನಿಕ್‌ಗಳು ‘ನಮ್ಮ ಹವೆಗೆ ಥರ್ಮೋಸ್ಟಾಟ್ ಯಾಕೆ’ ಎಂದು ಅದನ್ನು ತೆಗೆದೇ ಹಾಕುತ್ತಾರೆ. ಇದು ತಪ್ಪು. ಎಂಜಿನ್ ತನ್ನ ಉಷ್ಣತೆಗೆ ಏರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಡ್ಯಾಷ್‌ಬೋರ್ಡಿನ ಮುಳ್ಳನ್ನು ಎಷ್ಟು ನಂಬಬಹುದು? ಅಷ್ಟೇನೂ ಇಲ್ಲ. ಅನೇಕ ಜರ್ಮನ್ ಕಾರುಗಳಲ್ಲಿ ಸುಮಾರು 75 ಡಿಗ್ರಿಯಿಂದ 105 ಡಿಗ್ರಿಯವರೆಗೂ ಮುಳ್ಳು ನಟ್ಟನಡುವೆ ಅಲುಗಾಡದೆ ನಿಲ್ಲುವಂತೆ ಬೇಕೆಂದೇ ರೂಪಿಸಿದ್ದಾರೆ, ಮಾಲೀಕ ಗಾಬರಿಯಾಗದಿರಲಿ ಎಂದು. ಅದು ಮೇಲೇಳುವ ಹೊತ್ತಿಗೆ ತಡವಾಗಿರುತ್ತದೆ. ನಿಜವಾದ ಅಂಕಿ ಬೇಕಾದರೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ನೋಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2001ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಈ ಸಾಕೆಟ್ ಕಡ್ಡಾಯ.

ನೀರು ಕಡಿಮೆಯಾಗುತ್ತಲೇ ಇದ್ದು ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೆ? ಎಂಜಿನ್ ತಣ್ಣಗಿರುವಾಗ ಮುಚ್ಚಳದ ಜಾಗಕ್ಕೆ ಕೈಪಂಪಿನ ಒತ್ತಡಮಾಪಕ ಜೋಡಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡಕ್ಕೆ ಗಾಳಿ ತುಂಬಿ ಹತ್ತು ನಿಮಿಷ ಕಾಯುತ್ತಾರೆ. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಕಾರಿನೊಳಗೆ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಸಿಹಿವಾಸನೆ ಬರುತ್ತಿದ್ದರೆ ಹೀಟರಿನ ಪುಟ್ಟ ರೇಡಿಯೇಟರ್ ಒಡೆದಿದೆ. ಅಲ್ಲೂ ಇಲ್ಲವಾದರೆ ಹೆಡ್ ಗ್ಯಾಸ್ಕೆಟ್. ಅದನ್ನು ಹಿಡಿಯುವ ಪರೀಕ್ಷೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಹಿಡಿಸುವಂಥದು. ನೀರಿನ ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ಬಣ್ಣದ ಬ್ರೋಮೋಥೈಮಾಲ್ ದ್ರಾವಣದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಅದರಲ್ಲಿರುವ ಇಂಗಾಲದ ಡೈ ಆಕ್ಸೈಡ್ ಆಮ್ಲವಾಗಿ ದ್ರಾವಣ ಹಳದಿಗೆ ತಿರುಗುತ್ತದೆ.

ಯುರೋಪಿನ ಕಾರುಗಳ ವಿಶೇಷ ತೊಂದರೆ ಇರುವುದು ಅವುಗಳ ಪ್ಲಾಸ್ಟಿಕ್ಕಿನಲ್ಲಿ. ನಮ್ಮ ಅಂಬಾಸಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಸಂತತಿ, ಪದ್ಮಿನಿ ಇಟಲಿಯ ಫಿಯಟ್ 1100ರದ್ದು. ಅವುಗಳ ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು. ಸೋರಿದರೆ ರಸ್ತೆಬದಿಯ ಅಂಗಡಿಯಲ್ಲಿ ಬೆಸುಗೆ ಹಾಕಿಸಿ ಸಂಜೆಗೆ ಊರು ಸೇರಬಹುದಿತ್ತು. ಈಗಿನದರಲ್ಲಿ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ಬದಿಯ ತೊಟ್ಟಿಗಳು ಗಾಜಿನೆಳೆ ಬೆರೆಸಿದ ನೈಲಾನ್. ನಡುವೆ ರಬ್ಬರ್ ಪಟ್ಟಿ ಇಟ್ಟು ಲೋಹದ ಅಂಚನ್ನು ಮಡಚಿ ಬಿಗಿದಿರುತ್ತಾರೆ. ಅಲ್ಯೂಮಿನಿಯಂ ಮೇಲೆ ಕ್ಷಣಮಾತ್ರದಲ್ಲಿ ಆಕ್ಸೈಡ್ ಪೊರೆ ಕಟ್ಟುವುದರಿಂದ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಕಾರ್ಖಾನೆಯಲ್ಲಿ ಸಾರಜನಕ ತುಂಬಿದ ಕುಲುಮೆಯಲ್ಲಿ ಸುಮಾರು 600 ಡಿಗ್ರಿಗೆ ಕಾಯಿಸಿ ಬೆಸೆಯುತ್ತಾರೆ. ನೈಲಾನ್ ವರ್ಷಗಟ್ಟಲೆ ಬಿಸಿನೀರು, ಗ್ಲೈಕಾಲ್‌ಗಳಲ್ಲಿ ನೆನೆದು ಬಿಸ್ಕತ್ತಿನಂತೆ ಗಡುಸಾಗುತ್ತದೆ. 1998ರಲ್ಲಿ ಬಂದ ಇ-46 ಮಾದರಿಯ ಬಿಎಂಡಬ್ಲ್ಯು ಇದಕ್ಕೆ ಪ್ರಸಿದ್ಧ. ರೇಡಿಯೇಟರಿನ ಪಕ್ಕಕ್ಕೆ ಅಂಟಿಕೊಂಡ ಪ್ಲಾಸ್ಟಿಕ್ ಟ್ಯಾಂಕ್ ಅಂಚಿನಲ್ಲಿ ಬಿರುಕು ಬಿಟ್ಟು ಒಂದೇ ಸಲಕ್ಕೆ ನೀರೆಲ್ಲ ಹೊರಗೆ ಬರುತ್ತದೆ. ಅನುಭವಸ್ಥ ಮಾಲೀಕರು ಸುಮಾರು ಒಂದು ಲಕ್ಷ ಕಿಲೋಮೀಟರಿಗೆ ಟ್ಯಾಂಕ್, ಪಂಪು, ಥರ್ಮೋಸ್ಟಾಟ್, ಹೋಸ್‌ಗಳನ್ನು ಒಟ್ಟಿಗೇ ಬದಲಾಯಿಸಿಬಿಡುತ್ತಾರೆ. ಖರ್ಚು ಹೆಚ್ಚೆನಿಸಿದರೂ ಹೆಡ್ ಬಾಗುವುದಕ್ಕಿಂತ ಅಗ್ಗ.

2000ರ ದಶಕದ ಆರಂಭದ ಕೆಲವು ಮರ್ಸಿಡಿಸ್‌ಗಳ ಕಾಯಿಲೆ ಇನ್ನೂ ಗುಪ್ತವಾದದ್ದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ತಣಿಸುವ ಕೊಳವೆ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಅದು ಸೋರಿದರೆ ಗ್ಲೈಕಾಲ್ ಗೇರ್‌ಬಾಕ್ಸಿಗೆ ಸೇರಿ ಅಲ್ಲಿನ ಕ್ಲಚ್ ಪದರಗಳನ್ನು ಕೆಡಿಸುತ್ತದೆ. ಕಾರು ಬಿಸಿಯಾಗುವುದೇ ಇಲ್ಲ, ಹೊರಡುವಾಗ ನಡುಗುತ್ತದೆ ಅಷ್ಟೆ. ಹೆಚ್ಚಿನವರು ಗೇರ್‌ಬಾಕ್ಸನ್ನು ದೂರುತ್ತಾರೆ.

ರಿಪೇರಿಯ ಬಗ್ಗೆ ಎರಡು ಮಾತು. ಸೋರಿಕೆ ನಿಲ್ಲಿಸುತ್ತೇವೆಂದು ಮಾರುವ ಪುಡಿ, ದ್ರವಗಳು ಹೀಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಲ್ಲವು. ಊರು ಸೇರಲು ಬೇರೆ ದಾರಿಯೇ ಇಲ್ಲದಾಗಲಷ್ಟೇ ಬಳಸಬೇಕು. ಧೂಳು ತುಂಬಿದ ರೆಕ್ಕೆಗಳನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಸಾಧಾರಣ ನಲ್ಲಿಯ ಒತ್ತಡದಲ್ಲಿ ತೊಳೆಯಬೇಕು. ಸರ್ವೀಸ್ ಸ್ಟೇಷನ್ನಿನ ಜೋರು ನೀರಿಗೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ತುಂಬಿಸುವ ದ್ರವ ಯಾವುದು? ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲು ಬೆರೆಸಿದರೆ ಅದು ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿಯಲ್ಲಿ. ನಮಗೆ ಆ ಚಳಿ ಇಲ್ಲ, ನಿಜ. ಆದರೆ ಅದರಲ್ಲಿರುವ ತುಕ್ಕುನಿರೋಧಕಗಳು ನಮಗೂ ಬೇಕು, ಕುದಿಬಿಂದುವೂ ಏಳೆಂಟು ಡಿಗ್ರಿ ಏರುತ್ತದೆ. ಬೆಂಗಳೂರು, ಕೋಲಾರಗಳ ಬೋರ್‌ವೆಲ್ ನೀರು ಗಡಸು. ಅದನ್ನು ಸುರಿದರೆ ಗೀಸರಿನ ಸುರುಳಿಯ ಮೇಲೆ ಕಟ್ಟುವ ಬಿಳಿಯ ಗಸಿಯೇ ಇಲ್ಲೂ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಹಸಿರು, ನೀಲಿ, ಕೆಂಪು ಬಣ್ಣಗಳು ಬರೀ ಬಣ್ಣಗಳು, ಅವನ್ನು ನೋಡಿ ಕೊಳ್ಳಬೇಡಿ. ಫೋಕ್ಸ್‌ವ್ಯಾಗನ್ನಿನ ಜಿ-11 ಮತ್ತು ಜಿ-12 ದ್ರವಗಳ ರಸಾಯನವೇ ಬೇರೆ ಬೇರೆ; ಬೆರೆಸಿದರೆ ಕಂದು ಕೆಸರಾಗಬಹುದು. ಎಥಿಲೀನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಮಕ್ಕಳಿಗೆ ಸಿಗುವಂತೆ ಬಕೆಟ್ಟಿನಲ್ಲಿ ಇಡಬಾರದು, ಚರಂಡಿಗೂ ಚೆಲ್ಲಬಾರದು.

ಎಲ್ಲ ಮುಗಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆಯಬೇಕು. ಗಾಳಿಗುಳ್ಳೆ ಇದ್ದಲ್ಲಿ ನೀರು ಹೋಗುವುದಿಲ್ಲ. ಹೊಸ ಭಾಗಗಳನ್ನು ಹಾಕಿಯೂ ಕಾರು ಮೊದಲಿನಂತೆಯೇ ಕುದಿಯುತ್ತದೆ. ಆ ಇ-46 ಬಿಎಂಡಬ್ಲ್ಯುವಿನಲ್ಲಿ ಕೀಲಿ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ, ಹೀಟರನ್ನು ಪೂರ್ತಿ ಬಿಸಿಗೆ, ಅದರ ಫ್ಯಾನನ್ನು ಕಡಿಮೆ ವೇಗಕ್ಕೆ ಇಡುತ್ತಾರೆ. ಮುಚ್ಚಳದ ಪಕ್ಕದ ಪ್ಲಾಸ್ಟಿಕ್ ಸ್ಕ್ರೂ ಸಡಿಲಿಸಿ, ಅಲ್ಲಿಂದ ಗುಳ್ಳೆಯಿಲ್ಲದ ದ್ರವ ಬರುವವರೆಗೆ ನಿಧಾನವಾಗಿ ಸುರಿಯುತ್ತಾರೆ. ಸ್ಕ್ರೂ ಬಿಗಿದು, ಕಾರನ್ನು ಒಂದು ಸುತ್ತು ಓಡಿಸಿ ತಂದು, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡುತ್ತಾರೆ. ಸಾಮಾನ್ಯವಾಗಿ ಆಗ ಸ್ವಲ್ಪ ಇಳಿದಿರುತ್ತದೆ. ಅಷ್ಟನ್ನು ತುಂಬಿದರೆ ಆಯಿತು. ಮೂರನೆಯ ದಿನವೂ ಇಳಿದಿದ್ದರೆ ಒತ್ತಡಮಾಪಕವನ್ನು ಮತ್ತೆ ತೆಗೆಯಬೇಕು.