ಬ್ಯಾಳಿ ಅಂಗಡಿಯವನ ತತ್ತಿ ಲೆಕ್ಕ

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮಾರುವುದು ತೊಗರಿ ಬ್ಯಾಳಿ. ಮನೆಯಲ್ಲಿ ತತ್ತಿ, ಮಾಂಸ ಮುಟ್ಟುವವರಿಲ್ಲ. ಹೀಗಾಗಿ ಮಾಂಸದ ಬಗ್ಗೆ ನಾನು ಮಾತಾಡಿದರೆ ಯಾರಾದರೂ ಅನುಮಾನಿಸಬೇಕಾದದ್ದೇ. ಆದರೂ ಬಿಡುವಿನಲ್ಲಿ ಪೇಪರ್ ಓದುತ್ತೇನೆಂಬ ಕಾರಣಕ್ಕೆ ಇಲ್ಲಿನವರು ನನ್ನನ್ನೇ ಕೇಳುತ್ತಾರೆ.

ಚೀಲ ಇಳಿಸುತ್ತಿದ್ದ ಹಮಾಲನೊಬ್ಬ ಫೋನ್ ಹಿಡಿದು ಬಂದ. "ಒಬ್ಬಾಂವ ಮಟನ್ ತಿಂದ್ರ ಕ್ಯಾನ್ಸರ್ ಅಂತಾನ. ಇನ್ನೊಬ್ಬಾಂವ ರೊಟ್ಟಿ ಬಿಟ್ಟು ಬರೇ ಮಟನ್ ತಿನ್ನು, ಸಕ್ಕರಿ ರೋಗ ಓಡ್ತದ ಅಂತಾನ. ಯಾಂವನ ಮಾತು ಕೇಳಬೇಕ್ರಿ?" ಅವನ ಮನೆಯಲ್ಲಿ ಮಟನ್ ಆಗುವುದು ಐತವಾರ ಮಾತ್ರ. ಅರ್ಧ ಕಿಲೋ ತಂದು ಮನೆಮಂದಿಯೆಲ್ಲ ಉಣ್ಣುತ್ತಾರೆ.

ಕ್ಯಾನ್ಸರ್ ಮಾತಿನ ಮೂಲ 2015ರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಆ ಅಕ್ಟೋಬರಿನಲ್ಲಿ ಬೇಕನ್, ಸಾಸೇಜ್‌ನಂಥ ಸಂಸ್ಕರಿತ ಮಾಂಸವನ್ನು ತಂಬಾಕು ಇರುವ ಮೊದಲ ಗುಂಪಿಗೆ ಸೇರಿಸಿತು. ಕುರಿ, ಮೇಕೆ, ದನ, ಹಂದಿಯ ಮಾಂಸವನ್ನು ಕ್ಯಾನ್ಸರ್ ತರಬಹುದಾದದ್ದು ಎಂದು ಅದರ ಕೆಳಗಿನ ಗುಂಪಿಗೆ ಹಾಕಿತು. ತಂಬಾಕಿನ ಸಾಲಿನಲ್ಲಿ ಇಟ್ಟರೆಂದರೆ ತಂಬಾಕಿನಷ್ಟೇ ಕೆಡುಕು ಎಂದಲ್ಲ; ಸಾಕ್ಷ್ಯ ಅಷ್ಟು ಗಟ್ಟಿ ಎಂದಷ್ಟೇ. ದಿನಾ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಏರುತ್ತದೆ ಅಂದರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ ಅದನ್ನು ಬಿಡಿಸಿದರೆ, ತೀರ ಕಡಿಮೆ ತಿನ್ನುವ ಸಾವಿರ ಮಂದಿಯಲ್ಲಿ ಸುಮಾರು 56 ಜನಕ್ಕೆ, ಹೆಚ್ಚು ತಿನ್ನುವ ಸಾವಿರ ಮಂದಿಯಲ್ಲಿ 66 ಜನಕ್ಕೆ ಜೀವಮಾನದಲ್ಲಿ ಆ ರೋಗ ಬರುತ್ತದೆ. ಹತ್ತು ಜನ ಕಡಿಮೆಯೇನಲ್ಲ. ಆದರೆ ಗಂಜಿನಲ್ಲಿ ಮುಂಜಾನೆ ಬೇಕನ್ ತಿನ್ನುವವರನ್ನು ನಾನಂತೂ ಕಂಡಿಲ್ಲ.

2019ರಲ್ಲಿ ಇನ್ನೊಂದು ಸಂಶೋಧಕರ ತಂಡ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ, ಸಾಕ್ಷ್ಯ ದುರ್ಬಲ, ಈಗ ತಿನ್ನುವಷ್ಟು ತಿನ್ನುತ್ತಿರಿ ಎಂದಿತು. ದೊಡ್ಡ ಗದ್ದಲವೇ ಆಯಿತು. ತಂಡದ ಮುಂದಾಳು ಹಿಂದೆ ಆಹಾರ ಕಂಪನಿಗಳ ಬೆಂಬಲದ ಸಂಸ್ಥೆಯಿಂದ ಹಣ ಪಡೆದಿದ್ದರೆಂಬುದೂ ಹೊರಬಿತ್ತು. (ಬ್ಯಾಳಿ ಮಾರುವ ನಾನು ಇದಕ್ಕೆ ನಗುವಂತಿಲ್ಲ.) ಜಗಳದ ಬೇರು ಬೇರೆಡೆ ಇದೆ. ಸಾವಿರಾರು ಜನರನ್ನು ಕೋಣೆಯಲ್ಲಿಟ್ಟು ಇಪ್ಪತ್ತು ವರ್ಷ ಅಳೆದು ಉಣಿಸಲು ಆಗದು. ಏನು ತಿಂದಿರಿ ಎಂದು ಕೇಳಿ ಬರೆದುಕೊಳ್ಳಬೇಕು. ಹೋದ ವಾರದ ಊಟ ಯಾರಿಗೆ ನೆನಪಿರುತ್ತದೆ? ಮೇಲಾಗಿ ಬ್ರಿಟನ್, ಅಮೆರಿಕದಂಥ ಕಡೆ ಹೆಚ್ಚು ಮಾಂಸ ತಿನ್ನುವವರಲ್ಲಿ ಸಿಗರೇಟ್ ಸೇದುವವರೂ ಹೆಚ್ಚು. ಯಾವುದರಿಂದ ಯಾವುದಾಯಿತೆಂದು ಬಿಡಿಸುವುದು ಕಷ್ಟ.

ಹಮಾಲನಿಗೆ ನಾನು ಹೇಳಿದ್ದಿಷ್ಟು: ಆ ಭಯ ದಿನಾ ತಿನ್ನುವವರದು, ನಿನ್ನ ಐತವಾರದ ತಾಟಿನದಲ್ಲ. ಸಕ್ಕರೆ ರೋಗಕ್ಕೆ ಗುಳಿಗೆ ನುಂಗುವವನು ಡಾಕ್ಟರಿಗೆ ಹೇಳದೆ ರೊಟ್ಟಿ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ನೆಲಕ್ಕೆ ಬೀಳಬಹುದು, ಅದನ್ನು ಮಾತ್ರ ಮಾಡಬೇಡ.

ಉಂಡವರ ಊರಿನ ಸಲಹೆಯನ್ನು ಹಸಿದವರ ತಾಟಿನ ಮುಂದೆ ಓದಿದರೆ ಏನಾಗುತ್ತದೆಂಬುದನ್ನು ನಮ್ಮ ಭಾಗ ಕಣ್ಣಾರೆ ಕಂಡಿದೆ. 2021ರ ಡಿಸೆಂಬರಿನಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳ ಶಾಲೆಯ ಬಿಸಿಯೂಟಕ್ಕೆ ತತ್ತಿ ಬಂತು. ಕೆಲವು ಮಠಾಧೀಶರು ವಿರೋಧಿಸಿದರು. ಮರುವರ್ಷ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಬರೆದ ವರದಿ, ತತ್ತಿ–ಮಾಂಸ ತಿಂದರೆ ಜೀವನಶೈಲಿಯ ರೋಗಗಳು ಬರುತ್ತವೆ, ಮಕ್ಕಳಿಗೆ ಕೊಲೆಸ್ಟರಾಲ್ ಇಲ್ಲದ ಊಟ ಬೇಕು ಎಂದಿತು. ಊಟದ ಕೊಲೆಸ್ಟರಾಲಿಗೆ ಹಾಕಿದ್ದ ದಿನಕ್ಕೆ 300 ಮಿಲಿಗ್ರಾಂ ಮಿತಿಯನ್ನು ಅಮೆರಿಕದವರ 2015ರ ಮಾರ್ಗಸೂಚಿಯೇ ಕೈಬಿಟ್ಟಿತ್ತು! 2022ರಲ್ಲೇ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ತತ್ತಿ ತಿಂದ ಯಾದಗಿರಿಯ ಮಕ್ಕಳು ತತ್ತಿ ಸಿಗದ ಗದಗದ ಮಕ್ಕಳಿಗಿಂತ ಹೆಚ್ಚು ತೂಕ ಹಿಡಿದಿದ್ದರು. ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳ ಬೆಳವಣಿಗೆ ಕುಂಠಿತ ಎಂದಿತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇಂಥ ಕಡೆ ಬೊಜ್ಜಿನ ಚಿಂತೆ ಯಾರದು?

"ಬ್ಯಾಳಿ ಇದ್ದಮ್ಯಾಲ ತತ್ತಿ ಯಾಕ?" ಎಂದು ನಮ್ಮ ಗಿರಾಕಿಗಳೇ ಕೇಳುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಹೌದೆನ್ನಬೇಕು. ನೂರು ಗ್ರಾಂ ತೊಗರಿ ಬ್ಯಾಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ತೊಗರಿಯಲ್ಲಿ ಧಾರಾಳ. ರೊಟ್ಟಿ ಜೊತೆ ಬ್ಯಾಳಿ ಉಣ್ಣುವ ನಮ್ಮ ಹಿರಿಯರು ದಡ್ಡರಲ್ಲ. ಆದರೆ ಬಿಸಿಯೂಟದ ನಿಯಮದಲ್ಲಿ ಕಿರಿಯ ಮಗುವಿಗೆ ಸಿಗುವುದು 20 ಗ್ರಾಂ ಬ್ಯಾಳಿ, ಅಂದರೆ ನಾಲ್ಕೂವರೆ ಗ್ರಾಮಿನ ಒಳಗೇ ಪ್ರೋಟೀನ್. ಅದೂ ಸಾರು ತೆಳ್ಳಗಾಗದಿದ್ದರೆ. ಒಂದು ತತ್ತಿ ಆರು ಗ್ರಾಂ ಕೊಡುತ್ತದೆ, ಸುಲಭವಾಗಿ ಅರಗುತ್ತದೆ. ಜೊತೆಗೆ ಬಿ12 ವಿಟಮಿನ್ ಇದೆ. ನಾನು ಎಷ್ಟು ಚೀಲ ತೊಗರಿ ತೂಗಿದರೂ ಅದರೊಳಗೆ ಬಿ12 ಹುಟ್ಟುವುದಿಲ್ಲ.

2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣ ಸೇರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ತತ್ತಿ ಕೊಡುವ ಏರ್ಪಾಡಾಯಿತು. ಒಲ್ಲೆನ್ನುವ ಮಕ್ಕಳಿಗೆ ಬಾಳೆಹಣ್ಣು; ಮೊದಲು ಶೇಂಗಾ ಚಿಕ್ಕಿಯೂ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ನಮ್ಮಂಥ ಮನೆಯವರು ಇಲ್ಲಿ ಲೆಕ್ಕ ನೋಡಬೇಕು. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಮಿನ ಆಚೀಚೆ. ಕಮಲಾಪುರದ ಕೆಂಪು ಬಾಳೆಯೇ ಆದರೂ ಅಷ್ಟೇ. (ಅಷ್ಟು ತುಟ್ಟಿ ಹಣ್ಣನ್ನು ಶಾಲೆಯಲ್ಲಿ ಯಾರು ಕೊಟ್ಟಾರು?) ಚಿಕ್ಕಿ ಪರವಾಗಿಲ್ಲ, ಶೇಂಗಾದಲ್ಲಿ ಕಾಲು ಭಾಗ ಪ್ರೋಟೀನ್. ಬಿ12 ಮಾತ್ರ ಎರಡರಲ್ಲೂ ಇಲ್ಲ. ಅದಕ್ಕೆ ಮನೆಯಲ್ಲಿ ಹಾಲು, ಮೊಸರು ತಪ್ಪಬಾರದು. ಮಗು ಸದಾ ಸುಸ್ತು ಅಂದರೆ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.