ಕುಟುಂಬಸಮೇತ ಕಡಲ ದರ್ಶನ

ರಜೆಯ ದಿನಗಳು ಸಮೀಪಿಸಿದುವೆಂದರೆ ಮನೆಮನೆಗಳಲ್ಲಿಯೂ ಪ್ರವಾಸದ ಪ್ರಸ್ತಾಪವು ಹೊರಡುವುದು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಕಡಲೆಂದರೆ ಮೊದಲಿನಿಂದಲೂ ಒಂದು ದೊಡ್ಡ ಆಸೆ. ಮಕ್ಕಳು ಅದನ್ನು ಚಿತ್ರಗಳಲ್ಲಿ ಕಂಡಿರುವರು. ಹಿರಿಯರು ಪುರಾಣಗಳಲ್ಲಿ ಕೇಳಿರುವರು. ಆದರೆ ಹೊರಡುವ ಉತ್ಸಾಹವಿರುವಷ್ಟು ಮುಂದಾಲೋಚನೆಯು ನಮ್ಮಲ್ಲಿರುವುದಿಲ್ಲ. ಈ ವಿಷಯದಲ್ಲಿ ನಾನೇ ಒಮ್ಮೆ ಮಾಡಿದ ತಪ್ಪನ್ನು ವಾಚಕರ ಮುಂದಿಟ್ಟು, ಅದರಿಂದ ಕಲಿತುದನ್ನು ಅರಿಕೆ ಮಾಡಿಕೊಳ್ಳುವೆನು.

ಹನ್ನೆರಡು ವರ್ಷಗಳ ಹಿಂದಿನ ಮಾತು. ನನ್ನ ತಾಯಿಯವರಿಗೆ ಆಗ ಎಪ್ಪತ್ತೆಂಟು ವಯಸ್ಸು. ಒಂದು ಸಲವಾದರೂ ಸಮುದ್ರದ ನೀರಿನಲ್ಲಿ ಕಾಲಿಡಬೇಕೆಂಬುದು ಅವರ ಬಹುಕಾಲದ ಬಯಕೆಯಾಗಿದ್ದಿತು. ನಾನು ಉಪಾಧ್ಯಾಯನಾದುದರಿಂದ ವೇಳಾಪತ್ರಿಕೆ ಹಾಕುವುದರಲ್ಲಿ ನಿಪುಣನೆಂಬ ಅಭಿಮಾನವಿದ್ದಿತು. ಕಾರವಾರದಿಂದ ಭಟ್ಕಳದವರೆಗೆ ಮೂರು ದಿನಗಳಲ್ಲಿ ಒಂಬತ್ತು ಸ್ಥಳಗಳನ್ನು ನೋಡುವಂತೆ ಗಂಟೆ ನಿಮಿಷಗಳೊಡನೆ ಒಂದು ಪಟ್ಟಿಯನ್ನು ಬರೆದೆನು. ಪ್ರತಿಯೊಂದು ಊರಿನಲ್ಲಿಯೂ ತಾಯಿಯವರು ಮೊಣಕಾಲು ಹಿಡಿದುಕೊಂಡು ಗಾಡಿಯಿಂದ ಇಳಿಯುವ ಹೊತ್ತಿಗೆ ನಾವು ನೋಡಿಕೊಂಡು ಹಿಂದಿರುಗುತ್ತಿದ್ದೆವು. ನಾಲ್ಕನೆಯ ಊರಿನಿಂದ ಮುಂದಕ್ಕೆ ಅವರು ಇಳಿಯುವ ಪ್ರಯತ್ನವನ್ನೇ ಮಾಡಲಿಲ್ಲ. ಊರಿಗೆ ಬಂದ ಮೇಲೆ ನೆರೆಯವರು, “ಸಮುದ್ರವನ್ನು ನೋಡಿದಿರಾ?” ಎಂದು ಕೇಳಿದಾಗ, “ಕಂಡಿತಮ್ಮ, ಕಿಟಕಿಯಲ್ಲಿ ಕಂಡಿತು” ಎಂದರು. ಮುಂದಿನ ವರ್ಷವೇ ಅವರು ತೀರಿಕೊಂಡರು. ಪಟ್ಟಿಯ ಒಂಬತ್ತು ಸ್ಥಳಗಳ ಎದುರಿಗೂ ನಾನು ಗುರುತು ಹಾಕಿದ್ದೆನು. ಅವರ ಬಯಕೆಯನ್ನು ಮಾತ್ರ ಆ ಪಟ್ಟಿಯಲ್ಲಿ ಬರೆದೇ ಇರಲಿಲ್ಲ.

ಆದುದರಿಂದ ನನ್ನ ಮೊದಲನೆಯ ಸೂಚನೆ ಇದು: ಪ್ರವಾಸದ ಯೋಜನೆಯನ್ನು ಮನೆಯ ಗಟ್ಟಿಗರ ಶಕ್ತಿಯನ್ನು ನೋಡಿ ಮಾಡಬಾರದು, ಎಲ್ಲರಿಗಿಂತ ಹಿರಿಯರ ಮತ್ತು ಎಲ್ಲರಿಗಿಂತ ಕಿರಿಯರ ಶಕ್ತಿಯನ್ನು ನೋಡಿ ಮಾಡಬೇಕು. ಹೊರಡುವುದಕ್ಕೆ ಒಂದು ತಿಂಗಳು ಮುಂಚೆ ಮನೆಯವರೆಲ್ಲರನ್ನೂ ಕುಳ್ಳಿರಿಸಿ, “ನಿಮಗೆ ಮುಖ್ಯವಾಗಿ ಬೇಕಾದುದು ಯಾವುದು?” ಎಂದು ಒಬ್ಬೊಬ್ಬರನ್ನೂ ಕೇಳತಕ್ಕದ್ದು. ಅಷ್ಟು ಮಾತ್ರ ನೆರವೇರಿದರೆ ಪ್ರವಾಸವು ಸಫಲವಾಯಿತೆಂದು ತಿಳಿಯಬೇಕು.

ಎರಡನೆಯದು ಕಾಲದ ವಿಚಾರ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯಲ್ಲಿ ಮಳೆಯ ಆರ್ಭಟ. ಆ ಸೊಬಗು ಬೇರೆಯೇ ಆದರೂ ಮಕ್ಕಳು ಮುದುಕರೊಡನೆ ಹೋಗತಕ್ಕ ಕಾಲವಲ್ಲ. ಜೂನ್ ಮತ್ತು ಜುಲೈಗಳಲ್ಲಿ ಯಂತ್ರದ ದೋಣಿಗಳು ಮೀನುಗಾರಿಕೆಗೆ ಹೋಗಬಾರದೆಂದು ಸರಕಾರದ ನಿಷೇಧವೇ ಇರುವುದು. 2024ರ ಜುಲೈಯಲ್ಲಿ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜನರು ಮಡಿದುದನ್ನು ನಾವು ಮರೆಯಲಾಗದು. ಏಪ್ರಿಲ್ ಮೇ ತಿಂಗಳುಗಳ ಸೆಕೆಯು ಬಯಲುಸೀಮೆಯವರನ್ನು ಬೇಗ ಬಳಲಿಸುವುದು. ಶಿವರಾತ್ರಿಯ ಉತ್ಸವದಲ್ಲಿ ಗೋಕರ್ಣದ ಜನಸಂದಣಿಯು ವೃದ್ಧರಿಗೆ ಕಷ್ಟ. ದೀಪಾವಳಿಯಿಂದ ಮಾಘಮಾಸದವರೆಗಿನ ಕಾಲವೇ ಯೋಗ್ಯವಾದುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹಾಜರಿ ಕರೆದ ನಾನು ಹೀಗೆ ಹೇಳಬಾರದು; ಆದರೂ ಮಕ್ಕಳಿಗೆ ಶಾಲೆ ಎರಡು ದಿನ ತಪ್ಪಿದರೆ ವಿದ್ಯೆಯೇನೂ ಕೆಡಲಾರದು.

ಇನ್ನು ಬಿಡಾರ. ಊರೂರಿಗೆ ಹಾಸಿಗೆ ಕಟ್ಟಿ ಬಿಚ್ಚುವುದಕ್ಕಿಂತ ಒಂದೇ ಊರಿನಲ್ಲಿ ನೆಲೆನಿಂತು, ದಿನಕ್ಕೊಂದು ದಿಕ್ಕಿಗೆ ಹೋಗಿಬರುವುದು ಲೇಸು. ಇದಕ್ಕೆ ಕುಮಟೆಯು ಬಹಳ ಅನುಕೂಲವಾದ ಊರು. ಗೋಕರ್ಣ, ಹೊನ್ನಾವರ, ಯಾಣ ಮೂರೂ ಸುಮಾರು ಒಂದು ಗಂಟೆಯ ದಾರಿಯೊಳಗಿನವು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದಂದಿನಿಂದ ಇಲ್ಲಿಗೆ ರೈಲಿನಲ್ಲಿಯೇ ಬಂದಿಳಿಯಬಹುದು. ವೃದ್ಧರಿಗೆ ಘಟ್ಟದ ದಾರಿಯ ತಿರುವುಗಳ ಬಾಧೆಯಿಲ್ಲ. ಬಂದ ದಿನ ಎಲ್ಲಿಗೂ ಹೋಗಕೂಡದು. ಕುಚ್ಚಲಕ್ಕಿಯ ಗಂಜಿಯನ್ನೋ ತಂಬುಳಿ ಅನ್ನವನ್ನೋ ಉಂಡು, ವಿಶ್ರಮಿಸಿ, ಸಾಯಂಕಾಲ ತೀರಕ್ಕೆ ಹೋಗಿ ಸೂರ್ಯಾಸ್ತವನ್ನು ನೋಡಿದರೆ ಸಾಕು.

ಮರುದಿನ ಬೆಳಗ್ಗೆ ಗೋಕರ್ಣ. ಮಹಾಬಲೇಶ್ವರನ ದರ್ಶನವನ್ನೂ ಕೋಟಿತೀರ್ಥವನ್ನೂ ಬಿಸಿಲೇರುವ ಮೊದಲೇ ಮುಗಿಸಬೇಕು. ರಾವಣನ ಕೈಯಿಂದ ಆತ್ಮಲಿಂಗವು ನೆಲಕ್ಕಿಳಿದ ಕಥೆಯನ್ನು ಮಕ್ಕಳಿಗೆ ಅಲ್ಲಿಯೇ ಹೇಳುವುದು ಚೆನ್ನ. ದೊಡ್ಡ ಮಕ್ಕಳಿಗೆ ಇನ್ನೊಂದು ಮಾತನ್ನೂ ತಿಳಿಸಬಹುದು. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದರು ಆಕಾಶಮಾರ್ಗದಲ್ಲಿ ಹೊರಟುದು ಈ ಗೋಕರ್ಣೇಶ್ವರನ ಸೇವೆಗೇ; ಆಗ ಅವರ ವೀಣೆಯ ಮಾಲೆಯು ಗಾಳಿಗೆ ಹಾರಿ ಇಂದುಮತಿಯ ಮೇಲೆ ಬಿದ್ದಿತು. ತರಗತಿಯಲ್ಲಿ ಎಷ್ಟೋ ಸಲ ಪಾಠ ಹೇಳಿದ್ದ ಆ ಪ್ರಸಂಗವು ಆ ತೀರದ ಗಾಳಿ ಮುಖಕ್ಕೆ ಬಡಿದಾಗ ನನಗೆ ಹೊಸದಾಗಿ ತೋರಿತು.

ಮೂರನೆಯ ದಿನವನ್ನು ಅಘನಾಶಿನಿಗೆ ಮೀಸಲಿಡಬೇಕು. ಅಘವೆಂದರೆ ಪಾಪ, ಅದನ್ನು ನಾಶಮಾಡುವವಳು ಈ ನದಿ. ಶಿರಸಿಯ ಕಡೆಯಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟುಗಳ ತಡೆಯಿಲ್ಲದೆ ಕಡಲನ್ನು ಸೇರುವಳು. ಇವಳ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿ ಸೇರಿತು. ಇಲ್ಲಿಯ ಗಜನಿ ಭೂಮಿಗಳಲ್ಲಿ ಬೆಳೆಯುವ ಕಗ್ಗವೆಂಬ ಭತ್ತವು ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳತಕ್ಕದ್ದು. ಸಾಣಿಕಟ್ಟೆಯ ಉಪ್ಪಿನ ಮಡಿಗಳನ್ನು ಕಂಡಾಗ, 1930ರಲ್ಲಿ ಅಂಕೋಲೆಯ ಜನರು ಉಪ್ಪಿನ ಕಾನೂನನ್ನು ಮುರಿದ ಸಂಗತಿಯನ್ನು ಮಕ್ಕಳಿಗೆ ಹೇಳಿರಿ. ಮಿರ್ಜಾನಿನ ಕೋಟೆಯೂ ಇದೇ ನದಿಯ ಬಳಿಯಲ್ಲಿರುವುದು; ಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪು ಅದರೊಡನೆ ಸೇರಿದೆ. ಯಾಣದ ಕಪ್ಪುಬಂಡೆಗಳು ಅದ್ಭುತವಾದರೂ ಮೆಟ್ಟಿಲುಗಳು ಬಹಳ. ತರುಣರು ಹೋಗಿ ಬರಲಿ, ಹಿರಿಯರೊಡನೆ ಒಬ್ಬರು ಬಿಡಾರದಲ್ಲಿ ನಿಲ್ಲಲಿ.

ನಾಲ್ಕನೆಯ ದಿನ ಹೊನ್ನಾವರದಲ್ಲಿ ಶರಾವತಿಯು ಕಡಲಿಗೆ ಸೇರುವ ಸೊಬಗನ್ನೂ ಕಾಂಡ್ಲಾವನವನ್ನೂ ನೋಡಬಹುದು. ಇದು ಯಕ್ಷಗಾನದ ನಾಡು. 1934ರಲ್ಲಿ ಹುಟ್ಟಿದ ಕೆರೆಮನೆ ಮೇಳವು ಈ ತಾಲ್ಲೂಕಿನ ಗುಣವಂತೆಯದು. ಸಮೀಪದಲ್ಲಿ ಎಲ್ಲಿಯಾದರೂ ಆಟವಿದ್ದರೆ ಬೇರೆ ಕಾರ್ಯಕ್ರಮವನ್ನು ಬಿಟ್ಟಾದರೂ ನೋಡತಕ್ಕದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಕಡಲು ನಮ್ಮೂರ ಕೆರೆಯಲ್ಲ. ಪಂಚಾಂಗವನ್ನು ನಾವು ಪ್ರಯಾಣದ ಮುಹೂರ್ತಕ್ಕೆ ನೋಡುವುದುಂಟು; ಕಡಲಿಗೆ ಹೋಗುವವರು ತಿಥಿಗಾಗಿಯೂ ನೋಡಬೇಕು. ಉಬ್ಬರವು ದಿನಕ್ಕೆ ಎರಡು ಸಲ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುವುದು. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ಅದು ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಮೆ. ಬಂಡೆಗಳ ಮೇಲೆ ಕುಳಿತವರನ್ನು ಏರುವ ನೀರು ಸುತ್ತುಗಟ್ಟಬಹುದು. ಎರಡು ಕಡೆ ತೆರೆಗಳು ಒಡೆಯುತ್ತಿದ್ದು ನಡುವೆ ನೀರು ಶಾಂತವಾಗಿ ಕಂಡರೆ, ಮಕ್ಕಳನ್ನು ಅಲ್ಲಿ ಇಳಿಸಬೇಡಿರಿ. ಒಳಕ್ಕೆ ಎಳೆಯುವ ಸೆಳೆತವು ಹೆಚ್ಚಾಗಿ ಅಲ್ಲಿಯೇ ಇರುವುದು. ಅಕಸ್ಮಾತ್ತಾಗಿ ಸಿಕ್ಕಿಕೊಂಡವರು ಎದುರೀಜದೆ ತೀರಕ್ಕೆ ಸಮಾನಾಂತರವಾಗಿ ಈಜಿ ಪಾರಾಗಬೇಕು. ನೀರಿಗಿಳಿಯುವ ಮೊದಲು ಅಲ್ಲಿಯ ಬೆಸ್ತರನ್ನು ಕೇಳಿರಿ. ಕೆಂಪು ಬಾವುಟವಿದ್ದಲ್ಲಿ ಇಳಿಯಲೇಬೇಡಿರಿ.

ಕಳೆದ ಚಳಿಗಾಲದಲ್ಲಿ, ನಿವೃತ್ತನಾದ ಮೇಲೆ, ಈ ಕ್ರಮದಿಂದಲೇ ನಾವು ಹೋಗಿ ಬಂದೆವು. ನನ್ನ ಅಕ್ಕನಿಗೆ ಎಪ್ಪತ್ತೆರಡು ವಯಸ್ಸು, ಮೊಮ್ಮಗಳಿಗೆ ಆರು. ಕುಮಟೆಯ ತೀರದಲ್ಲಿ, ಇಳಿತದ ಹೊತ್ತಿನಲ್ಲಿ, ಬಿಡಾರದಿಂದ ತಂದ ಒಂದು ಕುರ್ಚಿಯನ್ನು ಒದ್ದೆಯ ಮರಳಿನ ಮೇಲಿಟ್ಟು ಅಕ್ಕನನ್ನು ಕುಳ್ಳಿರಿಸಿದೆವು. ಮೊದಲನೆಯ ನೊರೆಯು ಪಾದಗಳನ್ನು ಮುಟ್ಟಿದಾಗ ಆಕೆ ನನ್ನ ಕಡೆ ತಿರುಗಿ, “ಅಮ್ಮ ಇರಬೇಕಾಗಿತ್ತು” ಎಂದಳು. ನಾನು ಏನೂ ಹೇಳಲಾರದೆ ಹೋದೆನು. ಮೊಮ್ಮಗಳು ಮಾತ್ರ ದೊಡ್ಡಜ್ಜಿಯ ಕೈಹಿಡಿದು ತೆರೆಗಳನ್ನು ಎಣಿಸುತ್ತಿದ್ದಳು. ಆ ದಿನ ನೋಡಬೇಕೆಂದಿದ್ದ ಎರಡು ಸ್ಥಳಗಳು ನೋಡದೆಯೇ ಉಳಿದುವು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ವಾಚಕರೇ, ಪಟ್ಟಿ ಬರೆಯುವ ಮೊದಲು ಅವರನ್ನು ಕೇಳಿರಿ. ಬರುವ ವರ್ಷಕ್ಕೆಂದು ಮುಂದೂಡಬೇಡಿರಿ.